ಸೋರೋ ಮಾಳಿಗಿ ಮಾರೋದಂದ್ರ

ಮನಿ ಮಾರಾಕ ನಿಂತಾಗ ತಿಳೀತೈತಿ ನೋಡ್ರಿ, ನಮ್ಮಷ್ಟ ಸುಳ್ಳ ಹೇಳಾವ್ರು ಯಾರೂ ಇಲ್ಲ ಅಂತ. ಕೊಳ್ಳಾಕ ಬಂದಾಂವನ್ನ ಬಿಟ್ರ.

ಎರಡು ಸಾವಿರದ ಇಸ್ವಿ ದಾಟಿ ನಾಕೈದ ವರ್ಷ ಆಗಿತ್ತು. ಗಜೇಂದ್ರಗಡದಾಗ ನಮ್ಮದು ಮಣ್ಣಿನ ಮಾಳಿಗಿ ಮನಿ. ಮಳಿ ಬಂತಂದ್ರ ಒಳಗೆಲ್ಲಾ ಥಂಡಿ, ನಮ್ಮವ್ವಗ ದಮ್ಮ ಏಳ್ತಿತ್ತು. ಲಗೂನ ಮನಿ ಮಾರಿ ಅಕಿನ್ನ ರೋಣಕ್ಕ, ಸ್ಲ್ಯಾಬಿನ ಮನಿಗೆ ಒಯ್ಯಬೇಕಂತ ನನ್ನ ಹಟ. ಮಾಳಿಗಿ ಸೋರ್ತಿತ್ತೇನು ಅಂದ್ರ, ಖರೇನ ಸೋರ್ತಿತ್ತು. ಗ್ವಾಡಿ ಮ್ಯಾಲಿನ ನೀರಿನ ಕಲಿ ಕಾಣಬಾರದಂತ ಸುಣ್ಣ ಹೊಡಸಿದ್ದೆ.

ಹೊಳೆಆಲೂರ ಕಡಿಂದ ಗಂಡ-ಹೆಂಡ್ತಿ ನೋಡಾಕ ಬಂದ್ರು. ಗಂಡ ಬಂದಾಂವನ ಕಲ್ಲಂಗಡಿ ಬಡದಂಗ ಗ್ವಾಡಿ ಬಡದ ನೋಡಿದ.

"ಸರ, ನೀರ ಇಳೀದಂಗ ಮಾಳಿಗಿಗೆ ಹೊಸಾ ಸವಳ ಮಣ್ಣ ಹಾಕ್ಸಿ ಕೊಡ್ರಿ."

"ತಗೊಂಡ ಮ್ಯಾಲ ನೀವ ಹಾಕಿಸ್ಕೋರಿ."

"ಸೋರೂದಿಲ್ಲಂದ್ರ ಹಾಕ್ಸಾಕ ಯಾಕ ಹೆದರ್ತೀರಿ?"

"ಸೋರೂದಿಲ್ಲಂದ್ರ ಯಾಕ ಹಾಕ್ಸಲಿ?"

ಇದ ಮಾತು ವಾರಗಟ್ಲೆ ನಡೀತು. ಅವ್ರ ಬರೂದು, ನಾವ ಚಾ ಕುಡಸೂದು. ಆ ಚಾ-ಸಕ್ರಿ ರೊಕ್ಕದಾಗ ಊರ ಮಾಳಿಗಿಗೆಲ್ಲಾ ಮಣ್ಣ ಬರ್ತಿತ್ತು. ಆದ್ರ ಸೋಲಾವ್ರ ಯಾರು?

ಒಂದಿನ ಹಿಂಗ ಕುಂತಾಗ ಮುಂಗಾರಿ ಮಳಿ ಧೋ ಅಂತ ಸುರೀತು. "ನೋಡ್ರಿ, ಒಂದ ಹನಿ..." ಅಂತ ನಾ ಅನ್ನೂದ್ರಾಗ ಅಂವನ ಚಾದ ಬಶ್ಯಾಗ ಟಪ್ಪಂತ ಬಿತ್ತು. ಮಣ್ಣ ನೀರು. ಚಾದ ಬಣ್ಣಾನ ಇತ್ತು, ಅದೊಂದ ಪುಣ್ಯೆ.

ಅವ್ವ ಕೆಮ್ಮಕೋತ ಎದ್ಲು. ಮ್ಯಾಲ ಕಣ್ಣೆತ್ತಿ ಸುದ್ದಾ ನೋಡದ ಇಲ್ಲೊಂದ ಬೋಗಾಣಿ, ಅಲ್ಲೊಂದ ಬಕೀಟ ಇಟ್ಲು. ಆಮ್ಯಾಲ ಅಂವಗ, "ಆ ಕಡಿ ಸರೀಬ್ಯಾಡೋ ಯಪ್ಪಾ, ಅಲ್ಲಿ ಇನ್ನ ಚಾಲೂ ಆಗ್ತೈತಿ" ಅಂದ್ಲು.

ಅಂವನ ಮಾರಿ ಅರಳ್ತು. "ಹಂಗಾರ ರೇಟ ಇಳಸ್ರಿ ಸರ!"

ಬಾಜೂಕ ಕುಂತಿದ್ದ ಅಂವನ ಹೆಂಡ್ತಿ ತಿರುಗಿ ಬಿದ್ಲು. "ಸುಮ್ನ ಕುಂಡ್ರ್ರಿ! ಮ್ಯಾಲಿಂದ ಬರೂ ನೀರಿಗೆ ಬೋಗಾಣಿ ಇಡಬೌದು. ನಮ್ಮನ್ಯಾಗ ಹೊಳಿ ಹೊಕ್ಕಾಗ ಏನ ಇಟ್ಟಿದ್ರಿ? ಮಂಚದ ಮ್ಯಾಲ ಮಂಚ ಇಟ್ಟ ಕುಂತಿದ್ವಿ, ನಿಮ್ಮ ಧೋತ್ರಾ ತೇಲಿ ಹೋತು. ನನಗ ಇದ ಮನಿ ಬೇಕು."

ಕೈಗೆ ಬಂದ ಎತ್ತನ್ನ ಮಂದಿಗೆ ಬಿಚ್ಚಿ ಕೊಟ್ಟಾಳೇನೋ ಅನ್ನೂವಂಗ ಅಂವ ಹೆಂಡ್ತಿ ಮಾರಿ ನೋಡಿದ.

ಮಣ್ಣ ನಾ ತರಸೂದು, ಆಳಿನ ಪಗಾರ ಅಂವ ಕೊಡೂದು ಅಂತ ಚಾ ಆರೂದ್ರಾಗ ಮಾತ ಮುಗೀತು. ಮೊದಲ್ನೇ ದಿನಾನ ಮುಗೀತಿತ್ತು. ಏನ ಮಾಡೂದ್ರಿ, ಇಬ್ರೂ ಭಾಳ ಶ್ಯಾಣ್ಯಾರು.

ಆ ಮಳಿಗಾಲ ಅವ್ವ ರೋಣದಾಗ ಬೆಚ್ಚಗ ಕಳದ್ಲು. ಮುಂದ ಬ್ಯಾಸಗಿ ಬಂತು. "ಹಾಟ್ಯಾ, ಮನಿ ಅಂತ ಹೇಳಿ ಕಾದ ಹೆಂಚಿನ ಮ್ಯಾಲ ತಂದ ಕುಂಡ್ರಿಸಿಯಲ್ಲೋ, ನಾ ಏನ ರೊಟ್ಟೀನ?" ಅಂತ ಶುರು ಮಾಡಿ ನನ್ನ, ನಮ್ಮಪ್ಪನ್ನ, ಸ್ಲ್ಯಾಬ ಹಾಕಿದ ಗೌಂಡಿನ್ನ, ಎಲ್ಲಾರ್ನೂ ಒಂದ ಉಸರಿನ್ಯಾಗ ಬೈದ್ಲು. ನಡುವ ಒಮ್ಮೆನೂ ಕೆಮ್ಮಲಿಲ್ಲ.