ಮೇಲೆತ್ತಿದ ಕೈಯನ್ನು ಮಡಚಲೊಪ್ಪದ ಇನಾಯತುಲ್ಲಾ

"ಗರಗಸ ಕೆಳಗಿಡಿ ಪ್ರತಾಪ್! ಮರ ಮುಟ್ಟಿದ್ರೆ ಚೆನ್ನಾಗಿರಲ್ಲ!"

"ಅಂಕಲ್, ಒಂಬತ್ತು ಇಂಚು ಹಿಂದಕ್ಕೆ ಫೋಲ್ಡ್ ಮಾಡ್ತೀವಿ ಅಷ್ಟೇ. ಆ ಕೈ ಒರಿಜಿನಲ್ ಅಲ್ಲ ಅಂತ ಹೇಳಿದ್ದು ನೀವೇ ತಾನೆ? ರಿಪೋರ್ಟಲ್ಲಿದೆ."

"ಹೇಳ್ದೆ. ತಪ್ಪು ಹೇಳ್ದೆ. ಈಗ ಬಾಯಿ ಬಡ್ಕೋತಿದೀನಲ್ಲ, ಅದು ಕೇಳ್ಸಲ್ವಾ?"

ಅಮೆರಿಕದ ಸ್ಟರ್ಲಿಂಗ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡೇಟಾ ಸೆಂಟರ್‌ಗಳ ಹಿಂದೆ, ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಶೆಡ್ಡಿನಲ್ಲಿ, ಅರವತ್ತೊಂದರ ಇನಾಯತುಲ್ಲಾ ಹನ್ನೊಂದು ಅಡಿ ಎತ್ತರದ ಚಿತ್ರಕ್ಕೆ ಅಡ್ಡ ನಿಂತಿದ್ದಾರೆ. ಎದುರಿಗೆ ಮ್ಯಾನೇಜರ್ ಪ್ರತಾಪ್, ಬೆಂಗಳೂರಿನವರು, ವಯಸ್ಸಿನಲ್ಲಿ ಇವರ ಅರ್ಧ.

ಚಿತ್ರ ಲಿಯೋನೆಲ್ಲೊ ಬರ್ಟಾನಿ ಎಂಬ ಇಟಲಿಯವನದು. ಮುನ್ನೂರ ಎಂಬತ್ತು ವರ್ಷಗಳ ಹಿಂದೆ ಒಂದು ಚರ್ಚಿನ ಪೂಜಾಪೀಠದ ಮೇಲೆ ತೂಗುಹಾಕಲು ಬರೆದದ್ದು. ಕೆಳಗೆ ಪ್ಲೇಗ್ ರೋಗಿಗಳು, ಮೇಲೆ ಮೋಡದಲ್ಲಿ ಯೇಸುವಿನ ತಾಯಿ ಮರಿಯಮ್ಮ. ರೋಗವನ್ನು ತಡೆಯುವಂತೆ ಅವಳು ಒಂದು ಕೈ ಎತ್ತಿದ್ದಾಳೆ. ಈಗ ಅದು ಷಾರ್ಲೆಟ್‌ನ ಒಂದು ಚರ್ಚಿನ ಸ್ವತ್ತು. ಅವರ ಹೊಸ ಕಟ್ಟಡದ ಗೋಡೆ ಗಿಡ್ಡ. ಅದಕ್ಕೇ ಹಿಂದಿನ ಮರ ಕೊಯ್ದು, ಎತ್ತಿದ ಕೈಯಿರುವ ಮೇಲಂಚಿನ ಬಟ್ಟೆಯನ್ನು ಹಿಂದಕ್ಕೆ ಮಡಚುವ ಯೋಚನೆ.

ಬಾಯಿ ಬಿಟ್ಟುಕೊಂಡು ಚಿತ್ರ ನೋಡುವ ಜನ ಹಿಂಬದಿಯಲ್ಲಿ ಬಟ್ಟೆಯನ್ನು ಬಿಗಿದು ಹಿಡಿದ ಮರದ ಚೌಕಟ್ಟನ್ನು ನೋಡುವುದೇ ಇಲ್ಲ. ಆ ಮರ ಇನಾಯತುಲ್ಲಾ ಅವರ ಪಾಲು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹನ್ನೊಂದನೇ ವಯಸ್ಸಿಗೇ ಬೀಟೆ ಮರದಲ್ಲಿ ಬೇರೆ ಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವ ಕೆಲಸಕ್ಕೆ ಕೂತವರು. ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ನಸುಕಿನ ನಮಾಜ್ ಮುಗಿಸಿ ಐದೂವರೆಗೆ ಶೆಡ್ಡಿನಲ್ಲಿರುತ್ತಾರೆ. ಈ ಒಂದು ಚಿತ್ರದ ಹಿಂದೆಯೇ ಇಪ್ಪತ್ತೆರಡು ಬೆಣೆ, ನಾನೂರು ಮೊಳೆ ಬದಲಿಸಿದ್ದಾರೆ. ಬೆರಳುಗಳ ಗಂಟು ಊದಿವೆ. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ.

ತಪ್ಪಾದದ್ದು ಅಭ್ಯಾಸದಿಂದ. ಮೈಸೂರಿನ ಕೆಲಸದಲ್ಲಿ ಹಲಗೆಯನ್ನು ಮೂಗಿನ ಹತ್ತಿರ ಹಿಡಿದು ನೋಡಬೇಕು. ಇಲ್ಲೂ ಏಣಿ ಹತ್ತಿ ಹಾಗೆಯೇ ನೋಡಿದರು. ಕೈ ಹುಟ್ಟುಗೋಲಿನಷ್ಟು ಉದ್ದ ಕಂಡಿತು. "ಇದು ಬೇರೆ ಯಾರೋ ಆಮೇಲೆ ಸೇರ್ಸಿರೋದು" ಅಂದುಬಿಟ್ಟರು. ಪ್ರತಾಪ್ ಅದನ್ನೇ ರಿಪೋರ್ಟಿನಲ್ಲಿ ಬರೆದರು. ಹೇಗೂ ಮೂಲದ್ದಲ್ಲ, ಮಡಚಿಬಿಡಿ ಎಂದು ಚರ್ಚಿನ ಸಮಿತಿ ಒಪ್ಪಿತು.

ಮೊನ್ನೆ ಚಿತ್ರವನ್ನು ಕಟ್ಟೆಯ ಮೇಲೆ ಎತ್ತಿ ನಿಲ್ಲಿಸಿದ್ದರು. ಮಧ್ಯಾಹ್ನದ ನಮಾಜ್ ಮುಗಿಸಿ, ಚಾಪೆಯ ಮೇಲೆ ಕೂತಲ್ಲಿಂದಲೇ ಇನಾಯತುಲ್ಲಾ ತಲೆಯೆತ್ತಿದರು. ಕೆಳಗಿನಿಂದ ನೋಡಿದರೆ ಕೈ ಸರಿಯಾಗಿತ್ತು. ಒಂದು ಬೆರಳಿನಷ್ಟೂ ಉದ್ದ ಹೆಚ್ಚಿರಲಿಲ್ಲ.

"ಮಂಡಿಯೂರಿ ಕೂತೋರಿಗೆ ಅಂತ ಬರ್ದವ್ನೆ ಪುಣ್ಯಾತ್ಮ. ನಾನು ಏಣಿ ಮೇಲಿಂದ ಅವನಿಗೆ ಬುದ್ಧಿ ಹೇಳಕ್ಕೆ ಹೋದೆ" ಎನ್ನುತ್ತಾರೆ.

ಮನೆಯಲ್ಲಿ ಹೇಳಿದಾಗ ಹೆಂಡತಿ ಚಾಂದ್ ಬೀ ನಕ್ಕರಂತೆ. "ಮೂವತ್ತಾರು ವರ್ಷದಲ್ಲಿ ನನ್ ಹತ್ರ ಒಂದ್ಸಲಾನೂ ತಪ್ಪಾಯ್ತು ಅಂದಿಲ್ಲ ಈ ಮನುಷ್ಯ. ಮರ್ಯಮ್ ಬೀಬಿ ಹತ್ರ ಅಂತಾವ್ರೆ."

ಶೆಡ್ಡಿನಲ್ಲಿ ಪ್ರತಾಪ್ ದನಿ ತಗ್ಗಿಸುತ್ತಾರೆ. "ಮಡಚಿದ್ರೆ ಏನಾಗುತ್ತೆ ಅಂಕಲ್? ಯಾವಾಗ ಬೇಕಾದ್ರೂ ಬಿಚ್ಬೋದಲ್ಲ."

"ನಾನೂರು ವರ್ಷದ ಬಣ್ಣ ಅದು, ಪಂಚೆಯಲ್ಲ! ಮಡಚಿದ ಕಡೆ ಹಪ್ಪಳದ ಥರ ಉದುರುತ್ತೆ."

"ರಿಪೋರ್ಟ್ ತಪ್ಪು ಅಂತ ಈಗ ಹೇಳಿದ್ರೆ ನಮ್ಮನ್ನ ಯಾರು ನಂಬ್ತಾರೆ? ನಿಮ್ಮ ಜಾಬೂ ಉಳಿಯಲ್ಲ. ನಾನು ಸೇವ್ ಮಾಡಕ್ಕಾಗಲ್ಲ."

ಇನಾಯತುಲ್ಲಾ ಜೇಬಿನಿಂದ ಫೋನ್ ತೆಗೆಯುತ್ತಾರೆ. ಮಗಳು ಹಫ್ಸಾ ಇಂಗ್ಲಿಷಿನಲ್ಲಿ ಬರೆದುಕೊಟ್ಟ ನಾಲ್ಕು ಸಾಲು ಅದರಲ್ಲಿವೆ: ಕೈ ಮೂಲ ಚಿತ್ರಕಾರನದೇ, ತಪ್ಪು ನನ್ನದು, ದಯವಿಟ್ಟು ಮಡಚಬೇಡಿ. ಚರ್ಚಿಗೂ ಪ್ರತಾಪ್‌ಗೂ ಒಟ್ಟಿಗೇ ಕಳಿಸುತ್ತಾರೆ. ಪ್ರತಾಪ್ ಓದುತ್ತಾರೆ. ಇನ್ನು ತಿಳಿಯದೆ ಕೊಯ್ದೆವು ಎನ್ನುವಂತಿಲ್ಲ. ಗರಗಸವನ್ನು ಮೇಜಿನ ಮೇಲಿಡುತ್ತಾರೆ.

"ಏನ್ ಮಾಡಿದ್ರಿ ಅಂಕಲ್..."

"ಐವತ್ತು ವರ್ಷ ಮರ ಕೊಯ್ದಿದೀನಪ್ಪ. ಕೊಯ್ಯಬಾರದ್ದು ಯಾವ್ದು ಅಂತಾನೂ ಗೊತ್ತಿರಬೇಕು."

ಕೆಲಸದಿಂದ ತೆಗೆಯಲಿ ಎಂದು ಕಾಯದೆ, ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ, ಬೀಗದ ಕೈಯನ್ನು ಬೆಂಚಿನ ಮೇಲಿಟ್ಟು ಹೊರನಡೆಯುತ್ತಾರೆ. ಪ್ರತಾಪ್ ಬಾಗಿಲವರೆಗೆ ಬಂದು ಎರಡು ಸಲ ಕೂಗುತ್ತಾರೆ. ಇನಾಯತುಲ್ಲಾ ಮತ್ತೆ ಆ ಶೆಡ್ಡಿಗೆ ಕಾಲಿಟ್ಟಿಲ್ಲ.