ಯಾವೂರು, ಯಾರ ಮಗಳು

ಪರದೇಶದ ಈ ಮೌಂಟ್ ರಾಸ್ಕಿಲ್‌ನಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆಗೆ ಮಾನ್ಯ ಬಾಡಿಗೆಗೆ ಬಂದ ದಿನ, ಚಹಾ ಕುದಿಯುವುದರೊಳಗೆ ಕೇಳಿದ್ದೆ: "ಯಾವೂರಮ್ಮ ನಿಂದು? ಯಾರ ಮಗಳು?"

"ಹರಿಹರದ ಕಡೆ" ಅಂದಳು. ನನಗಷ್ಟು ಸಾಕಾಯಿತು. ತೀರಿಕೊಂಡ ನಮ್ಮವರು, ಸನಾವುಲ್ಲಾ, ಹರಿಹರದಲ್ಲಿ ಟೈಲರ್ ಆಗಿದ್ದವರು. ಇನ್ನೆರಡು ಮಾತು ಕೇಳಿ ಅವಳ ಅಪ್ಪ ಯಾರೆಂದು ಹಿಡಿದೇಬಿಟ್ಟೆ.

"ನಿಮ್ಮಪ್ಪನ ಎಡಭುಜ ಒಂಚೂರು ಇಳಿಜಾರು. ಅಂಗಿ ಹೊಲಿಯೋವಾಗ ನಮ್ಮವರು ಬೈಕೊಳ್ಳೋರು!"

ಅವಳು ನಗಲಿಲ್ಲ. ಇನ್ನೂ ಬಿಚ್ಚದ ಚೀಲವನ್ನು ಮತ್ತೆ ಹೆಗಲಿಗೇರಿಸಿದಳು. "ನಮ್ಮಣ್ಣಂದಿರಿಗೆ ಹೇಳ್ತೀರಾ ಆಂಟಿ?"

ಜಾತಿ ಬಿಟ್ಟು ಪ್ರಮೋದನನ್ನು ಮದುವೆಯಾದವಳು. ಇಬ್ಬರೂ ಕೊಲ್ಲಾಪುರಕ್ಕೆ ಓಡಿದರು. ಅಲ್ಲಿ ಮನೆ ಒಡತಿ ಯಾವೂರೆಂದು ಕೇಳಿದಳು, ಅಣ್ಣಂದಿರು ಬಂದರು. ನಾಗಪುರಕ್ಕೆ ಓಡಿದರು. ಅಲ್ಲೂ ಯಾರೋ ಅಕ್ಕರೆಯಿಂದಲೇ ಕೇಳಿದರು. ಪ್ರಮೋದನ ಹೆಣ ಬಿದ್ದದ್ದು ಅಲ್ಲಿ.

ಆಮೇಲೆ ಒಬ್ಬಳೇ ಈ ದೇಶಕ್ಕೆ ಬಂದು ಸರ್ಕಾರದ ಆಶ್ರಯ ಕೇಳಿದಳು. ನಿನ್ನ ಭಯ ನಿಜವೆಂದು ನಂಬುತ್ತೇವೆ, ಆದರೆ ನಿಮ್ಮ ದೇಶ ದೊಡ್ಡದು, ಬೇರೆ ಊರಲ್ಲಿ ಕ್ಷೇಮವಾಗಿರಬಹುದು ಎಂದು ಇಲ್ಲಿನ ಅಧಿಕಾರಿಗಳು ತಿರಸ್ಕರಿಸಿದರು. ಮೇಲ್ಮನವಿಯೂ ಬಿದ್ದುಹೋದರೆ ವಾಪಸು ಕಳಿಸುತ್ತಾರೆ. ಆ ವಿಚಾರಣೆಗೆ ನಾನು ಸಾಕ್ಷಿಯಾಗಿ ಹೋದೆ. ಓದು ನನಗೆ ಮೂರನೇ ಕ್ಲಾಸಿಗೇ ನಿಂತಿತ್ತು.

"ದೇಶ ದೊಡ್ಡದೇ ಮೇಡಂ" ಎಂದೆ, ವಿಚಾರಣೆ ನಡೆಸುತ್ತಿದ್ದ ಅಧಿಕಾರಿಗೆ. ದುಭಾಷಿ ಇಂಗ್ಲಿಷಿಗೆ ತಿರುಗಿಸಿದ. "ಆದ್ರೆ ಯಾವೂರು ಅಂತ ಕೇಳದ ಬೀದಿ ಎಲ್ಲೈತೆ? ಅವರಪ್ಪನ ಭುಜದ ತನಕ ಹೋಗಕ್ಕೆ ನಂಗೆ ಒಂದು ಚಹಾ ಕುದಿಯೋ ಹೊತ್ತು ಸಾಕಾಯ್ತು."

ಆಕೆ ಬರೆದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಬೇರೆ ಊರಿನ ಹೆಸರು ಹೇಳಬಹುದಲ್ಲವೇ?"

ನಾನು ಮಾನ್ಯಳ ಮುಖ ನೋಡಿದೆ. ಮಾನ್ಯ ತಲೆ ತಗ್ಗಿಸಿದಳು.

ತೀರ್ಪು ಇನ್ನೂ ಬಂದಿಲ್ಲ. ಪೋಸ್ಟಿನವನ ಸದ್ದಾದರೆ ಅವಳು ತಟ್ಟೆ ಬಿಟ್ಟು ಬಾಗಿಲಿಗೆ ಓಡುತ್ತಾಳೆ.

ನಿನ್ನೆ ಪಕ್ಕದ ಬೀದಿಗೆ ಹೊಸದಾಗಿ ಬಂದಿರುವ ನರ್ಸ್ ಧನುಶ್ರೀ ಹೋಳಿಗೆ ತಂದುಕೊಟ್ಟಳು. ಒಳ್ಳೆಯ ಹುಡುಗಿ. ಮಾನ್ಯಳನ್ನು ಕಂಡು ಮುಖ ಅರಳಿಸಿದಳು.

"ಕನ್ನಡದೋರಾ? ಯಾವೂರು?"

ಮಾನ್ಯ ನನ್ನತ್ತ ನೋಡಿ, "ನಂದು ಬಳ್ಳಾರಿ. ನೀವು ಕೂತ್ಕಳ್ರಿ, ಚಹಾ ತರ್ತೀನಿ" ಅಂದಳು.

"ಅಯ್ಯೋ, ನಮ್ಮತ್ತೆ ಮನೆ ಬಳ್ಳಾರೀಲೇ! ಯಾವ ಬೀದಿ? ಯಾರ ಪೈಕಿ? ಮಾತು ಕೇಳಿದ್ರೆ ಹರಿಹರದ ಕಡೇದು ಇದ್ದಂಗಿದೆಯಲ್ಲ... ತಡೀರಿ, ಅತ್ತೆಗೇ ವಿಡಿಯೋ ಕಾಲ್ ಮಾಡ್ತೀನಿ. ಅವರಿಗೆ ಗೊತ್ತಿಲ್ಲದೋರೇ ಇಲ್ಲ!"

ಫೋನ್ ರಿಂಗಾಗತೊಡಗಿತು. ಮಾನ್ಯ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ರೊಟ್ಟಿಗೆ ಹಿಟ್ಟು ನಾದುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಆ ಫೋನನ್ನು ಕಿತ್ತುಕೊಂಡೆ.