ಪಂಚನಾಮೆಗೆ ಸಿಕ್ಕಿಬಿದ್ದ ಕಾದಂಬರಿಕಾರ

ಪೊಲೀಸ್ ಕಾದಂಬರಿ ಬರೆಯಬೇಕೆಂದಿರುವ ಗೆಳೆಯರೇ, ಹುಷಾರು.

ಇವತ್ತು ಬೈಲಹೊಂಗಲದಲ್ಲಿ ಮೊಬೈಲ್ ಅಂಗಡಿಯೊಂದರ ಬೀಗವನ್ನು ಕಳ್ಳರು ಒಡೆದಿದ್ದರು. ಪಿಎಸ್‌ಐ, ಹವಾಲ್ದಾರ್, ಇಬ್ಬರೂ ಹೆಂಗಸರೇ, ತಪಾಸಣೆಗೆ ಬಂದರು. ಪಂಚನಾಮೆಗೆ ಸಾಕ್ಷಿ ಬೇಕು ಎಂದದ್ದೇ ತಡ, ಇಣುಕುತ್ತಿದ್ದ ಗುಂಪು ಮಾಯ. ನಾನೂ ಮೆಲ್ಲಗೆ ಜಾರುತ್ತಿದ್ದೆ.

"ನಿಂದರ್ರಿ. ಇಬ್ಬರು ಲೇಡಿ ಪೊಲೀಸರ ಕಾದಂಬರಿ ಬರದವ್ರು ನೀವ ಅಲ್ರಿ?" ಎಂದರು ಪಿಎಸ್‌ಐ.

ಹಿಗ್ಗಿ ಹೀರೇಕಾಯಿಯಾದೆ.

"ಅದರಾಗ ಸಾಕ್ಷಿ ಹಾಕಾಕ ಊರ ಮಂದಿ ನಾ ಮುಂದ ತಾ ಮುಂದ ಅಂತ ಓಡಿ ಬರ್ತಾರಲ್ರಿ?"

"ಅದು ಬರೇ ಕಥಿರಿ ಮೇಡಂ. ನನಗ ಕಿತ್ತೂರ ಬಸ್ಸಿಗೆ ತಡಾ ಆಗಾಕತ್ತೈತ್ರಿ."

"ಕಥಿ ಖರೇ ಮಾಡೂಣು ಬರ್ರಿ," ಎಂದು ಹವಾಲ್ದಾರ್ ಪೆನ್ನು ಚಾಚಿದರು.

ಸಹಿ ಹಾಕಿದೆ. ನನ್ನ ಕಾದಂಬರಿಯ ಇಬ್ಬರು ಊರೂರು ಅಲೆದು ಕೊಲೆಗಾರನನ್ನು ಹಿಡಿದಿದ್ದರು. ಇವರು ನಿಂತಲ್ಲೇ ಲೇಖಕನನ್ನು ಹಿಡಿದರು.